ಮೂರು ಸ್ಥಾಯಿ, ಹತ್ತಾರು ದನಿ: ಫ್ರೆಡ್ಡಿ ಮರ್ಕ್ಯುರಿ ಹಾಡಿದ್ದು ಹೇಗೆ?

ರಾಕ್ ಹಾಡುವ ಹುಡುಗರು ಕ್ಲಿನಿಕ್ಕಿಗೆ ಬಂದರೆ ಮೊದಲು ಕೇಳುವುದು ಒಂದೇ: "ಮೇಡಂ, ನನ್ನ ರೇಂಜ್ ಎಷ್ಟಿದೆ ನೋಡಿ ಹೇಳ್ತೀರಾ?" ಎರಡೂವರೆ ಸ್ಥಾಯಿ (ಆಕ್ಟೇವ್, ಸ-ದಿಂದ ಮೇಲಿನ ಸ-ವರೆಗಿನ ಅಂತರ) ಅಂತ ಹೇಳಿದರೆ ಮುಖ ಬಾಡುತ್ತದೆ. ಫ್ರೆಡ್ಡಿ ಮರ್ಕ್ಯುರಿಗೆ ನಾಲ್ಕು ಇತ್ತಂತಲ್ಲ ಅನ್ನುತ್ತಾರೆ. ಹಾಡುಗಾರರ ಗಂಟಲು ನೋಡುವುದೇ ನನ್ನ ಕೆಲಸ. ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ಈ ಗಾಯಕನನ್ನು ನಾನು ತುಂಬಾ ಇಷ್ಟಪಟ್ಟು ಕೇಳುತ್ತೇನೆ. ಅದಕ್ಕೇ ಈ ನಾಲ್ಕು ಸ್ಥಾಯಿಯ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ ಅನಿಸಿತು.

2016ರಲ್ಲಿ ಆಸ್ಟ್ರಿಯಾ ಮತ್ತು ಸ್ವೀಡನ್ನಿನ ಸಂಶೋಧಕರು ಅವನ ರೆಕಾರ್ಡಿಂಗ್‌ಗಳನ್ನು ಕೂತು ಅಳೆದರು. ಸಿಕ್ಕಿದ್ದು 37 ಸೆಮಿಟೋನ್, ಅಂದರೆ ಸ್ವರಸ್ಥಾನ. ತೀರಾ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 92 ಕಂಪನ, ಮೇಲಿನದು 784. ಒಂದು ಸ್ಥಾಯಿಗೆ 12 ಸ್ವರಸ್ಥಾನ ಅಂತ ಲೆಕ್ಕ ಹಾಕಿ. ಮೂರು ಸ್ಥಾಯಿ ಮುಗಿದು ಇನ್ನೊಂದು ಸ್ವರಸ್ಥಾನ ಆಗುತ್ತದೆ. ನಾಲ್ಕು ಸ್ಥಾಯಿಗೆ ಅವರಿಗೆ ಆಧಾರ ಸಿಗಲಿಲ್ಲ.

ಮೂರು ಸ್ಥಾಯಿ ಏನೂ ಕಮ್ಮಿಯಲ್ಲ. ಆದರೆ ಅಪರೂಪವೂ ಅಲ್ಲ. ಫಾಲ್ಸೆಟೊ, ಅಂದರೆ ನಮ್ಮ ಸಂಗೀತದವರು ಕಳ್ಳದನಿ ಅನ್ನುತ್ತಾರಲ್ಲ, ಅದನ್ನೂ ಸೇರಿಸಿ ಅಳೆದರೆ ಮೂರು ಸ್ಥಾಯಿಯ ಹತ್ತಿರ ಹೋಗುವ ಗಂಡಸರು ನನ್ನ ಕ್ಲಿನಿಕ್ಕಿಗೂ ಬರುತ್ತಾರೆ. ಅವರಲ್ಲಿ ಕೆಲವರಿಗೆ ಹಾಡೋಕೇ ಬರಲ್ಲ. ರೇಂಜ್ ಅಂದರೆ ಗಂಟಲು ಎಲ್ಲಿಂದ ಎಲ್ಲಿಯವರೆಗೆ ಸದ್ದು ಮಾಡಬಲ್ಲದು ಅನ್ನುವುದು ಮಾತ್ರ. ಅಲ್ಲಿ ಹಾಡಬಹುದಾ, ಪದ ಸ್ಪಷ್ಟವಾಗಿ ಕೇಳುತ್ತಾ, ಭಾವ ನಿಲ್ಲುತ್ತಾ ಅನ್ನುವುದಕ್ಕೆ ಆ ಅಂಕಿಯಲ್ಲಿ ಉತ್ತರ ಇಲ್ಲ.

ಅದೇ ಅಧ್ಯಯನದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಬೇರೆ ಒಂದು ಅಂಶ. ಫ್ರೆಡ್ಡಿ ಕೊಟ್ಟ ಸಂದರ್ಶನಗಳನ್ನೂ ಅವರು ಅಳೆದಿದ್ದಾರೆ. ಮಾತಾಡುವಾಗ ಅವನ ದನಿ ಸೆಕೆಂಡಿಗೆ ಸುಮಾರು 117 ಕಂಪನದಲ್ಲಿತ್ತು. ಇದು ಬ್ಯಾರಿಟೋನ್ ಜಾಡು. ಅಂದರೆ ಮಧ್ಯಮ ದಪ್ಪದ ಗಂಡು ದನಿ, ನಿಮ್ಮ ಪಕ್ಕದ ಮನೆಯವರದ್ದೂ ಹಾಗೇ ಇರಬಹುದು. ಆದರೆ ಜಗತ್ತಿಗೆ ಅವನು ಗೊತ್ತಿರುವುದು ಟೆನರ್ ಆಗಿ, ಎತ್ತರದಲ್ಲಿ ಹಾಡುವವನಾಗಿ. ಸ್ಪೇನಿನ ಆಪರಾ ಗಾಯಕಿ ಮೊನ್ಸೆರಾತ್ ಕಬಾಯೆ 1980ರ ದಶಕದ ಕೊನೆಯಲ್ಲಿ ಅವನ ಜೊತೆ ಒಂದು ಆಲ್ಬಮ್ಮನ್ನೇ ಹಾಡಿದರು. ಅವನದು ಬ್ಯಾರಿಟೋನ್ ದನಿ ಅಂತ ಅವರೂ ಹೇಳಿದ್ದರು. ಆ ದನಿಯಲ್ಲೇ ಒಂದು ಯುಗಳ ಹಾಡೋಣ ಅಂದಾಗ ಅವನು ಒಪ್ಪಲಿಲ್ಲವಂತೆ. ಅಭಿಮಾನಿಗಳಿಗೆ ಅದು ತನ್ನ ದನಿ ಅಂತಲೇ ಗೊತ್ತಾಗಲ್ಲ ಅನ್ನುವುದು ಅವನ ಕಾರಣ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಾತಿನ ದನಿ ತಗ್ಗಿನಲ್ಲಿರುವ ಗಾಯಕ ತನ್ನ ಹಾಡಿನ ಮನೆಯನ್ನು ಮೇಲೆ ಕಟ್ಟಿಕೊಂಡ. ಇದು ಆಗುವುದು ಹೇಗೆ? ಧ್ವನಿಪೆಟ್ಟಿಗೆಯಲ್ಲಿ ಎರಡು ಪುಟ್ಟ ಧ್ವನಿತಂತುಗಳಿವೆ. ಅವು ದಪ್ಪಗೆ, ಗಿಡ್ಡಗೆ ಇದ್ದಾಗ ಎದೆಯ ದನಿ ಬರುತ್ತದೆ. ಒಂದು ಸ್ನಾಯು ಅವನ್ನು ಎಳೆದು ತೆಳ್ಳಗೆ ಮಾಡಿದಾಗ ಸ್ವರ ಏರುತ್ತದೆ. ಇನ್ನೊಂದು ಸ್ನಾಯು ದಪ್ಪ ಉಳಿಸಿಕೊಳ್ಳಲು ನೋಡುತ್ತದೆ. ಈ ಎರಡರ ಹೊಂದಾಣಿಕೆ ತಪ್ಪಿದ ಕಡೆ ದನಿ ಒಡೆಯುತ್ತದೆ. ಹೆಚ್ಚಿನ ಗಂಡಸರಿಗೆ ಮಧ್ಯ ಸ್ಥಾಯಿ ದಾಟಿ ಮೇಲೆ ಹೋಗುವಾಗ ಆ ಜಾಗ ಸಿಗುತ್ತದೆ. ಅಲ್ಲಿ ಎರಡೇ ದಾರಿ ಅಂತ ಹೊಸಬರು ಅಂದುಕೊಳ್ಳುತ್ತಾರೆ: ಜೋರಾಗಿ ಕಿರುಚುವುದು, ಇಲ್ಲಾ ಫಾಲ್ಸೆಟೊಗೆ ಹಾರುವುದು. ಫ್ರೆಡ್ಡಿ ಆ ಗಡಿಯ ಮೇಲೇ ಆರಾಮಾಗಿ ಓಡಾಡುತ್ತಾನೆ. ಒಂದೇ ಸಾಲಿನಲ್ಲಿ ಎದೆಯ ದನಿಯಿಂದ ಶುರು ಮಾಡಿ, ತೆಳ್ಳಗಾಗಿಸಿ, ಫಾಲ್ಸೆಟೊ ಮುಟ್ಟಿ ವಾಪಸ್ ಬರುತ್ತಾನೆ. ಕೆಲವು ಕಡೆ ಹೊಲಿಗೆ ಕಾಣದ ಹಾಗೆ, ಕೆಲವು ಕಡೆ ಬೇಕಂತಲೇ ಕಾಣುವ ಹಾಗೆ. ನನ್ನ ಮಟ್ಟಿಗೆ ಅವನ ಹೆಚ್ಚುಗಾರಿಕೆ ಇರುವುದು ಇಲ್ಲೇ.

1976ರ 'ಸಮ್‌ಬಡಿ ಟು ಲವ್' ಇದಕ್ಕೆ ಒಳ್ಳೆಯ ಪಾಠ. ಅದರಲ್ಲಿ ಚರ್ಚಿನ ದೊಡ್ಡ ಗಾಯನ ತಂಡವೇ ಇದೆ ಅನಿಸುತ್ತದೆ ಅಲ್ವಾ? ಇರುವುದು ಮೂರೇ ಜನ: ಫ್ರೆಡ್ಡಿ, ಮತ್ತೆ ತಂಡದವರೇ ಆದ ಬ್ರಯನ್ ಮೇ, ರೋಜರ್ ಟೇಲರ್. ತಮ್ಮ ದನಿಗಳನ್ನೇ ಪದರ ಪದರವಾಗಿ ರೆಕಾರ್ಡ್ ಮಾಡಿ ಕೂಡಿಸಿದ್ದಾರೆ. ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿಗಾಯನದ ಮೇಲೆ ಫ್ರೆಡ್ಡಿಗಿದ್ದ ಪ್ರೀತಿ ಅಲ್ಲಿ ಕೇಳಿಸುತ್ತದೆ. ಮೂರು ವರ್ಷದ ನಂತರ ಬಂದ 'ಕ್ರೇಜಿ ಲಿಟ್ಲ್ ಥಿಂಗ್ ಕಾಲ್ಡ್ ಲವ್' ಹಾಕಿ. ಇಲ್ಲಿ ದನಿ ಕೆಳಗಿಳಿದಿದೆ, ಎಲ್ವಿಸ್ ಪ್ರೆಸ್ಲಿಯ ಕಾಲದ ರಾಕಬಿಲ್ಲಿ (ಹಳೆಯ ರಾಕ್ ಅಂಡ್ ರೋಲ್) ಧಾಟಿ. ಎರಡರಲ್ಲೂ ಹಾಡಿದ್ದು ಒಂದೇ ಗಂಟಲು. ಧ್ವನಿಪೆಟ್ಟಿಗೆಯನ್ನು ಸ್ವಲ್ಪ ಇಳಿಸುವುದು, ಬಾಯಿಯ ಆಕಾರ ಬದಲಿಸುವುದು, ಉಸಿರನ್ನು ಸೋರಲು ಬಿಡುವುದು ಅಥವಾ ಬಿಗಿ ಹಿಡಿಯುವುದು, ಇಷ್ಟರಿಂದಲೇ ಬೇರೆ ಬೇರೆ ಮನುಷ್ಯರು ಹುಟ್ಟುತ್ತಾರೆ. ರೇಂಜ್ ಅಳೆಯುವ ಆಪ್‌ಗೆ ಇದ್ಯಾವುದೂ ಕಾಣಿಸುವುದಿಲ್ಲ.

ಅವನ ಕಂಪಿತವೂ, ಅಂದರೆ ಹಿಡಿದ ಸ್ವರ ಅಲುಗುವ ರೀತಿಯೂ (ವೈಬ್ರಾಟೊ) ವಿಚಿತ್ರ. ಪಾಶ್ಚಾತ್ಯ ಶಾಸ್ತ್ರೀಯ ಗಾಯಕರ ವೈಬ್ರಾಟೊ ಸಾಮಾನ್ಯವಾಗಿ ಸೆಕೆಂಡಿಗೆ ಐದೂವರೆ, ಆರು ಸಲ ಅಲುಗುತ್ತದೆ. ಇವನದು ಸರಾಸರಿ ಏಳು. ಅದೂ ಒಂದೇ ಸಮ ಇಲ್ಲ. ಉದ್ದ ಹಿಡಿದ ಸ್ವರದಲ್ಲೂ ಒಂದು ತಹತಹ ಇದ್ದಂತೆ ಕೇಳುವುದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ.

ಇನ್ನು ಆ ಗೊಗ್ಗರು ದನಿ, ಗ್ರೌಲ್. ಹುಡುಗರು ಗಂಟಲು ಕೆಡಿಸಿಕೊಳ್ಳುವುದು ಜಾಸ್ತಿ ಇಲ್ಲೇ. ಅದೇ ಸಂಶೋಧಕರು ಒಬ್ಬ ವೃತ್ತಿಪರ ರಾಕ್ ಗಾಯಕನಿಂದ ಈ ದನಿಯನ್ನು ಅನುಕರಣೆ ಮಾಡಿಸಿದರು. ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರ ಹಿಡಿಯುವ ಕ್ಯಾಮೆರಾ ಗಂಟಲೊಳಗೆ ಇಟ್ಟು ನೋಡಿದರು. ಧ್ವನಿತಂತುಗಳು ಮೂರು ಸಲ ಅಲುಗುವಷ್ಟರಲ್ಲಿ ಅವುಗಳ ಮೇಲಿರುವ ಸುಳ್ಳು ತಂತುಗಳು ಒಂದು ಸಲ ಅಲುಗುತ್ತಿದ್ದವು. ಮೂಲ ಸ್ವರದ ಕೆಳಗೆ ಇನ್ನೊಂದು ಗುರುಗುಟ್ಟುವ ಸ್ವರ ಸೇರಿಕೊಳ್ಳುವುದು ಹೀಗೆ. ಮಧ್ಯ ಏಷ್ಯಾದ ತುವಾ ಗಾಯಕರ ಗಂಟಲ ಹಾಡಿನಲ್ಲೂ ಈ ಸುಳ್ಳು ತಂತುಗಳು ಕೆಲಸ ಮಾಡುತ್ತವೆ. ನನ್ನ ಬಳಿ ಬರುವ ಹುಡುಗರು ಮಾಡುವುದು ಇದನ್ನಲ್ಲ. ಅವರು ನಿಜವಾದ ಧ್ವನಿತಂತುಗಳನ್ನೇ ಒಂದಕ್ಕೊಂದು ಉಜ್ಜುತ್ತಾರೆ. ಕೆಲವು ತಿಂಗಳಲ್ಲಿ ಅಲ್ಲಿ ಊತ ಬರುತ್ತದೆ, ಬಿಟ್ಟರೆ ಗಂಟಾಗುತ್ತದೆ. ಹೊರಗೆ ಕೇಳುವವರಿಗೆ ಎರಡೂ ಒಂದೇ ತರಹ. ವ್ಯತ್ಯಾಸ ತಿಳಿಯಬೇಕಾದರೆ ಒಳಗೆ ಕ್ಯಾಮೆರಾ ಹಾಕಿ ನೋಡಬೇಕು.

ಫ್ರೆಡ್ಡಿಯ ಗಂಟಲೂ ಕಬ್ಬಿಣದ್ದಾಗಿರಲಿಲ್ಲ. 1975ರ ಅಮೆರಿಕ ಪ್ರವಾಸದಲ್ಲಿ ದನಿ ಕೈಕೊಟ್ಟು ಕೆಲವು ಕಾರ್ಯಕ್ರಮ ರದ್ದಾದವು. ಧ್ವನಿತಂತುಗಳ ಗಂಟು ಅವನನ್ನು ಆಮೇಲೂ ಕಾಡಿತು. ಅದಕ್ಕೇ ಅವನ ಸ್ಟೇಜ್ ಹಾಡುಗಾರಿಕೆಯನ್ನು ಗಮನವಿಟ್ಟು ಕೇಳಿ ಅಂತ ನಾನು ಹೇಳುವುದು. ಆಲ್ಬಮ್ಮಿನಲ್ಲಿ ಮೇಲೆ ಹೋಗುವ ಎಷ್ಟೋ ಸಾಲುಗಳನ್ನು ಅವನು ಸ್ಟೇಜ್ ಮೇಲೆ ಕೆಳಗೆ ತಿರುಗಿಸಿ ಹಾಡುತ್ತಾನೆ. ತೀರಾ ಎತ್ತರದ ಸ್ವರಗಳನ್ನು ಡ್ರಮ್ಸ್ ನುಡಿಸುತ್ತಾ ರೋಜರ್ ಟೇಲರ್ ಹಾಡುತ್ತಿದ್ದ. 'ಬೊಹೀಮಿಯನ್ ರ‍್ಯಾಪ್ಸಡಿ'ಯಲ್ಲಿ ಆಪರಾ ಭಾಗದ ಕೊನೆಗೆ ಬಾಣದಂತೆ ಮೇಲೇರುವ ಸ್ವರ ಇದೆಯಲ್ಲ, ಅದೂ ಟೇಲರ್‌ದೇ. ಬಹಳ ಜನ ಅದನ್ನು ಫ್ರೆಡ್ಡಿಯ ಖಾತೆಗೆ ಹಾಕಿದ್ದಾರೆ. ಕಾರ್ಯಕ್ರಮಗಳಲ್ಲಿ ಆ ಭಾಗ ಬಂದಾಗ ತಂಡ ಸ್ಟೇಜ್ ಬಿಟ್ಟು ಒಳಗೆ ಹೋಗುತ್ತಿತ್ತು, ಟೇಪ್ ಓಡುತ್ತಿತ್ತು. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಲೈವ್ ಏಡ್ ಸಹಾಯಾರ್ಥ ಕಾರ್ಯಕ್ರಮದಲ್ಲಿ ಅವರು ಇಪ್ಪತ್ತು ನಿಮಿಷದಲ್ಲಿ ಇಡೀ ಕ್ರೀಡಾಂಗಣವನ್ನು ಹಿಡಿದಿಟ್ಟರು. ಅಲ್ಲೂ ಜನರಿಂದ ಹಾಡಿಸಿದ ಆ "ಏ...ಓ" ಆಟ ಜನರ ಗಂಟಲಿಗೂ ನಿಲುಕುವ ಸ್ವರಗಳಲ್ಲೇ ಇತ್ತು.

ಅವನಿಗೆ ಮೇಲಿನ ದವಡೆಯಲ್ಲಿ ನಾಲ್ಕು ಹಲ್ಲು ಜಾಸ್ತಿ ಇದ್ದವು. ತೆಗೆಸಿದರೆ ದನಿ ಕೆಟ್ಟೀತು ಅಂತ ಹೆದರಿ ಹಾಗೇ ಬಿಟ್ಟಿದ್ದ. ಹಲ್ಲಿನಿಂದ ರೇಂಜ್ ಬರುವುದಿಲ್ಲ, ಅದು ಧ್ವನಿತಂತುಗಳ ಕೆಲಸ. ಆದರೂ ಬಾಯಿಯ ಆಕಾರ ದನಿಯ ಬಣ್ಣವನ್ನು ಬದಲಿಸುತ್ತದೆ ಅನ್ನುವುದು ನಿಜ. ಆ ಭಯವನ್ನು ನಾನು ಮೂಢನಂಬಿಕೆ ಅನ್ನಲಾರೆ.

ಹಾಡುವ ಹುಡುಗರಿಗೆ ಕೆಲಸಕ್ಕೆ ಬರುವ ಮಾತು ಇಷ್ಟು. ಕವರ್, ಅಂದರೆ ಬೇರೆಯವರ ಹಾಡು ಹಾಡುವಾಗ ಮೂಲದ ಶ್ರುತಿಯಲ್ಲೇ ಹಾಡಬೇಕು ಅನ್ನುವ ಹಟ ಬಿಡಿ. ನಮ್ಮಲ್ಲಿ ಒಂದು ಮನೆ, ಎರಡು ಮನೆ ಅಂತ ಅವರವರ ಶ್ರುತಿ ಇಟ್ಟುಕೊಂಡು ಹಾಡುವುದನ್ನು ಯಾರೂ ಕೀಳಾಗಿ ನೋಡುವುದಿಲ್ಲ. ರಾಕ್ ಹಾಡಿಗೆ ಯಾಕೆ ಬೇರೆ ನಿಯಮ? ಎರಡು ಸ್ವರಸ್ಥಾನ ಇಳಿಸಿ, ಗಿಟಾರ್‌ನವನಿಗೆ ಮೊದಲೇ ಹೇಳಿ. ಗ್ರೌಲ್ ಕಲಿಯಲೇಬೇಕು ಅಂದರೆ ಅದನ್ನು ಬಲ್ಲವರ ಎದುರು ಕಲಿಯಿರಿ, ಮಾಡುವಾಗ ನೋವು, ಕೆರೆತ ಬಂದರೆ ಅಲ್ಲಿಗೇ ನಿಲ್ಲಿಸಿ. ಎರಡು ಮೂರು ವಾರ ಕಳೆದರೂ ದನಿ ಒಡೆದೇ ಇದ್ದರೆ ಶುಂಠಿ ಕಷಾಯ ಕುಡಿದು ಕಾಯಬೇಡಿ. ಇಎನ್‌ಟಿ ವೈದ್ಯರ ಹತ್ತಿರ ಧ್ವನಿತಂತು ನೋಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ದನಿಯ ತೊಂದರೆಗೆ ಚಿಕಿತ್ಸೆ ಸಿಗುತ್ತದೆ. ಗಂಟು ಮೆತ್ತಗಿರುವಾಗ ಬಂದರೆ ಹೆಚ್ಚಿನವರಿಗೆ ದನಿಯ ವ್ಯಾಯಾಮದಲ್ಲೇ ವಾಸಿಯಾಗುತ್ತದೆ, ಆಪರೇಷನ್ ಬೇಕಾಗುವುದಿಲ್ಲ.