ಹಾಡು ಹೊರದೇಶದ ಸರ್ವರ್‌ನಲ್ಲಿ, ದಾಖಲೆ ಹಳೇ ಟ್ರಂಕಿನಲ್ಲಿ

ಹುಬ್ಬಳ್ಳಿ, ಗದಗ ಕಡೆಯ ಸಣ್ಣ ಕ್ಯಾಸೆಟ್ ಕಂಪನಿಗಳಿಗೆ ಹಾಡುಗಳ್ಳತನ ಹೊಸದಲ್ಲ. ಮೊದಲು ಜಾತ್ರೆಯಲ್ಲಿ ನಕಲಿ ಕ್ಯಾಸೆಟ್ ಬಂತು. ಆಮೇಲೆ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವುದು ಶುರುವಾಯಿತು. ಟ್ರ್ಯಾಕ್ಟರ್‌ಗಳಲ್ಲಿ ಅಬ್ಬರಿಸುವ ಹಾಡುಗಳಲ್ಲಿ ಹಣ ಕೊಟ್ಟು ಕೊಂಡವು ಎಷ್ಟೋ! ಆದರೆ ಆಗ ಕಳ್ಳ ಊರಲ್ಲೇ ಇರುತ್ತಿದ್ದ. ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷ ಜೈಲು ಎಂದು ಹೆದರಿಸಬಹುದಿತ್ತು. 2014ರಲ್ಲಿ ರಾಜ್ಯದ ಗೂಂಡಾ ಕಾಯ್ದೆಗೂ ಡಿಜಿಟಲ್ ಅಪರಾಧಿಗಳನ್ನು ಸೇರಿಸಲಾಯಿತು. ಆದರೆ ಈಗ ಸರ್ವರ್ ಒಂದು ದೇಶದಲ್ಲಿ, ಡೊಮೇನ್ ಇನ್ನೊಂದರಲ್ಲಿ, ಜಾಹೀರಾತಿನ ಹಣ ಮತ್ತೊಂದು ಕಡೆ ಎಂದಾದಾಗ ಠಾಣೆಯ ಕೈ ಅಲ್ಲಿಗೆ ಚಾಚುವುದಿಲ್ಲ.

ಹಕ್ಕೇನೋ ಗಡಿ ದಾಟುತ್ತದೆ. ದೇಶಗಳು ಪರಸ್ಪರರ ಹಕ್ಕುಸ್ವಾಮ್ಯ ಮನ್ನಿಸುವ ಬರ್ನ್ ಒಪ್ಪಂದದಲ್ಲಿ ಭಾರತ 1928ರಿಂದಲೇ ಇದೆ. ವ್ಯವಹಾರ ಧಾರವಾಡ ಜಿಲ್ಲೆಯಲ್ಲಿದ್ದರೆ 62ನೇ ಕಲಮಿನಂತೆ ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಡಿಕ್ರಿ ಸಿಕ್ಕರೂ ಹೊರದೇಶದಲ್ಲಿ ಅದನ್ನು ಜಾರಿ ಮಾಡಿಸುವ ಖರ್ಚು ಹಾಡಿನ ಗಳಿಕೆಯನ್ನು ಮೀರುತ್ತದೆ. ಹಾಗಾಗಿ ಕಳ್ಳನನ್ನು ಬಿಟ್ಟು, ಹಾಡನ್ನು ಇಟ್ಟುಕೊಂಡಿರುವ ತಾಣವನ್ನು ಹಿಡಿಯುವುದೇ ಜಾಣತನ.

ಅದಕ್ಕೆ ದಾರಿ ಮಾಡಿದ್ದು, ಹಕ್ಕುದಾರರ ನೋಟಿಸ್ ಬಂದರೆ ತಾಣಗಳು ಕದ್ದ ಪ್ರತಿಯನ್ನು ತೆಗೆಯುವಂತೆ ಮಾಡುವ ಅಮೆರಿಕದ 1998ರ ಡಿಎಂಸಿಎ ಕಾಯ್ದೆ. ನೋಟಿಸಿನಲ್ಲಿ ಹಾಡಿನ ವಿವರ, ಕದ್ದ ಪ್ರತಿಯ ಲಿಂಕ್, ವಿಳಾಸ, ಸಹಿ, ಜೊತೆಗೆ ಹಕ್ಕುದಾರರ ಪರವಾಗಿ ಬರೆಯುತ್ತಿದ್ದೇನೆಂಬ ಪ್ರಮಾಣ ಇರಬೇಕು. ಇಡೀ ಚಾನೆಲ್‌ನ ಲಿಂಕ್ ಕೊಟ್ಟು ಕೂತರೆ ಅರ್ಜಿ ಅಲ್ಲೇ ಕೊಳೆಯುತ್ತದೆ. ಒಂದೊಂದು ಹಾಡಿಗೂ ಪ್ರತ್ಯೇಕ ಲಿಂಕ್ ಬೇಕು. ಸೈಟು ಕ್ಲೌಡ್‌ಫ್ಲೇರ್ ಎಂಬ, ಸೈಟಿನ ಅಸಲಿ ಸರ್ವರ್ ವಿಳಾಸ ಮರೆಸುವ ಸೇವೆಯ ಹಿಂದೆ ಅಡಗಿದ್ದರೆ ಅವರ ದೂರಿನ ಫಾರಂ ತುಂಬಿ ಅಸಲಿ ಹೋಸ್ಟ್, ಅಂದರೆ ಸೈಟಿಗೆ ಜಾಗ ಕೊಟ್ಟ ಕಂಪನಿ ಯಾರೆಂದು ತಿಳಿಯಬೇಕು. ಎದುರಿನವನು ಪ್ರತಿ-ನೋಟಿಸ್ ಕೊಟ್ಟರೆ, 10ರಿಂದ 14 ಕೆಲಸದ ದಿನಗಳಲ್ಲಿ ಹಕ್ಕುದಾರರು ದಾವೆ ಹೂಡದಿದ್ದಲ್ಲಿ ಹಾಡು ಮತ್ತೆ ಮೇಲೇರುತ್ತದೆ. ಸಣ್ಣವರು ಸೋಲುವುದು ಹೆಚ್ಚಾಗಿ ಇಲ್ಲೇ. ಭಾರತದಲ್ಲಿ ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಮತ್ತು 2013ರ ನಿಯಮಗಳ ಪ್ರಕಾರ, ಲಿಂಕ್ ಒದಗಿಸುವಂಥ ತಾಣಗಳು ದೂರು ಬಂದ 36 ಗಂಟೆಯೊಳಗೆ ಅದನ್ನು ತಡೆಯಬೇಕು. 21 ದಿನದೊಳಗೆ ಕೋರ್ಟ್ ಆದೇಶ ಬರದಿದ್ದರೆ ಮತ್ತೆ ತೆರೆಯಬಹುದು.

ನಿಜವಾದ ತೊಡಕು ಕಾಗದಪತ್ರದ್ದು. ಧ್ವನಿಮುದ್ರಣಕ್ಕೆ ಹಣ ಹಾಕಿ ಹೊಣೆ ಹೊತ್ತ ನಿರ್ಮಾಪಕನೇ ಅದರ ಮೊದಲ ಹಕ್ಕುದಾರ. 1984ರ ತಿದ್ದುಪಡಿಯಿಂದ ಕ್ಯಾಸೆಟ್ ಕವರಿನ ಮೇಲೆ ಹಕ್ಕುದಾರನ ಹೆಸರು, ವಿಳಾಸ, ಮೊದಲು ಪ್ರಕಟಿಸಿದ ವರ್ಷ ಕಡ್ಡಾಯವಾದವು. ಆಗ ಕಿರಿಕಿರಿ ಎನಿಸಿದ ಆ ಸಾಲೇ ಇಂದು ಬಲವಾದ ಸಾಕ್ಷಿ. ಕವರ್, ಮಾಸ್ಟರ್ ಟೇಪಿನ ಡಬ್ಬಿ, ಸ್ಟುಡಿಯೊ ಬಿಲ್ ಸ್ಕ್ಯಾನ್ ಮಾಡಿಡಬೇಕು. 1988ರಲ್ಲಿ ಬಂದ ಕ್ಯಾಸೆಟ್ಟಿಗೆ 1989ರ ಜನವರಿಯಿಂದ 60 ವರ್ಷ, ಅಂದರೆ 2048ರ ಕೊನೆಯವರೆಗೆ ರಕ್ಷಣೆಯಿದೆ.

ಅದೇ ಹಾಡನ್ನು ಬೇರೆ ಯಾರೋ ಹೊಸದಾಗಿ ಹಾಡಿಸಿ ಏರಿಸಿದರೆ ಧ್ವನಿಮುದ್ರಣದ ಹಕ್ಕು ಕೆಲಸಕ್ಕೆ ಬಾರದು. ಸಾಹಿತ್ಯ, ಧಾಟಿಯ ಕರಾರು ಬೇಕು. 1995ರ ಮೇ 10ರ ನಂತರದ ಕರಾರಿನಲ್ಲಿ ಅವಧಿ ಬರೆಯದಿದ್ದರೆ ಅದು ಐದೇ ವರ್ಷಕ್ಕೆ ಮುಗಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಸೀಮಿತವಾಗುತ್ತದೆ. 'ಹಣ ಮುಟ್ಟಿದೆ' ಎಂಬ ಒಂದು ಸಾಲಿನ ರಸೀದಿ ನಂಬಿದವರ ಹಕ್ಕು ಗಡಿಯಲ್ಲೇ ನಿಂತುಬಿಡುತ್ತದೆ. ಬರೆದವರು ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಸಹಿ ಹಾಕಿಸಿ ಹೊಸ ಪತ್ರ ಮಾಡಿಸಬೇಕು.

ಶಿಶುನಾಳ ಶರೀಫರ (1819–1889) ತತ್ವಪದಗಳ ಮಾತೇ ಬೇರೆ. ಹಕ್ಕಿನ ಅವಧಿ ಎಂದೋ ಮುಗಿದಿರುವುದರಿಂದ ಪದ ಎಲ್ಲರದ್ದು, ಧ್ವನಿಮುದ್ರಣ ಮಾತ್ರ ನಿಮ್ಮದು. ಬೇರೊಬ್ಬರು ತಾವೇ ಹಾಡಿದ ಪದಕ್ಕೆ ನೋಟಿಸ್ ಕಳಿಸಿದರೆ ತಪ್ಪು ನಿಮ್ಮದೇ.

ಈಗಿನ ಹೊಸ ಕಾಟವೆಂದರೆ ನಿಮ್ಮ ಹಳೇ ಹಾಡನ್ನು ಯಾರೋ, ತಾಣಗಳಿಗೆ ಹಾಡು ತಲುಪಿಸುವ ವಿತರಕರ ಮೂಲಕ ತಮ್ಮ ಹೆಸರಲ್ಲಿ ಏರಿಸಿ, ಹಾಡನ್ನು ತಾನಾಗಿ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಯಿಂದ ನಿಮ್ಮ ವಿಡಿಯೊದ ಮೇಲೇ ಹಕ್ಕು ಸಾಧಿಸುವುದು. ತಕರಾರು ಹಾಕಿದರೆ ಉತ್ತರಿಸಲು ಅವರಿಗೆ 30 ದಿನ ಇರುತ್ತದೆ. ಮೊದಲೇ ಪ್ರತಿ ಹಾಡಿಗೂ ಧ್ವನಿಮುದ್ರಣವನ್ನು ಗುರುತಿಸುವ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತ ಪಡೆದು, ವಿತರಕರ ಮೂಲಕ ನೀವೇ ನೋಂದಾಯಿಸಿದ್ದರೆ ವಾದಕ್ಕೆ ಬಲ ಬರುತ್ತದೆ. ವಿತರಕರ ಕರಾರಿಗೆ ಸಹಿ ಹಾಕುವ ಮುನ್ನ ಹಕ್ಕು ವರ್ಗಾವಣೆಯೋ ಬರೀ ಪರವಾನಗಿಯೋ, ಬಿಡಬೇಕೆಂದರೆ ಎಷ್ಟು ದಿನದ ನೋಟಿಸ್ ಎಂಬ ಎರಡು ಕಲಮುಗಳನ್ನು ವಕೀಲರಿಂದ ಓದಿಸಿ.