ಪೆಟ್ಟಿಗೆಯಲ್ಲಿಲ್ಲದ ಹಾವು ಮನೆಯಲ್ಲಿ ಎಲ್ಲಿರುತ್ತದೆ?

ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ಪೆಟ್ಟಿಗೆಯ ಮುಚ್ಚಳ ಒಂದು ಮೂಲೆಯಲ್ಲಿ ಬೆರಳು ತೂರುವಷ್ಟು ಎದ್ದಿದೆ. ನೀರಿನ ಬಟ್ಟಲು ಇದೆ. ಅಡಗಿಕೊಳ್ಳಲು ಇಟ್ಟ ಮರದ ಗೂಡು ಇದೆ. ಹಾವಿಲ್ಲ. ಸಾಕಿದವರ ಎದೆ ಧಸಕ್ಕೆನ್ನುತ್ತದೆ. ಎಷ್ಟು ದೂರ ಹೋಗಿರಬಹುದು ಅನ್ನುವುದೇ ಆಗ ತಲೆಯಲ್ಲಿ ಸುತ್ತುವ ಪ್ರಶ್ನೆ.

ಸಾಮಾನ್ಯವಾಗಿ ಅದು ಮನೆಯೊಳಗೇ ಎಲ್ಲೋ ಇರುತ್ತದೆ. ಮೊದಲು ಪೆಟ್ಟಿಗೆಯನ್ನೇ ಪೂರ್ತಿ ಖಾಲಿ ಮಾಡಿ ನೋಡಿ. ತಳಕ್ಕೆ ಹಾಸಿದ ಮರದ ಚೂರು, ನಾರು, ಗೂಡಿನ ಒಳಗೋಡೆ, ಹಿಂಬದಿಯ ಅಲಂಕಾರದ ಹಲಗೆ, ಎಲ್ಲವನ್ನೂ ಕೈಯಿಂದ ಬಿಡಿಸಿ ನೋಡಬೇಕು. ಹಾವು ಪೆಟ್ಟಿಗೆಯಲ್ಲೇ ಹುದುಗಿ ಮಲಗಿದ್ದರೆ ಮನೆಯೆಲ್ಲ ಜಾಲಾಡಿ ಏನು ಪ್ರಯೋಜನ, ಅಲ್ವಾ?

ನಾನಿಲ್ಲಿ ಹೇಳುತ್ತಿರುವುದು ಕಾರ್ನ್ ಸ್ನೇಕ್, ಬಾಲ್ ಪೈಥಾನ್‌ನಂಥ ವಿಷವಿಲ್ಲದ ಸಾಕುಹಾವುಗಳ ವಿಷಯ. ತಪ್ಪಿಸಿಕೊಂಡದ್ದು ವಿಷದ ಹಾವಾದರೆ, ಅಥವಾ ಕಂಡ ಹಾವು ನಿಮ್ಮದೇ ಎಂಬ ಖಾತ್ರಿ ಇಲ್ಲದಿದ್ದರೆ, ಹುಡುಕಲು ಹೋಗಲೇಬೇಡಿ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಕರೆದುಕೊಂಡು ಹೊರಗೆ ಬನ್ನಿ. ಬಾಗಿಲು ಹಾಕಿ. ತರಬೇತಿ ಪಡೆದವರನ್ನು ಕರೆಯಿರಿ.

ಅಷ್ಟು ಸಣ್ಣ ಸಂದಿಯಲ್ಲಿ ಅದು ಹೇಗೆ ತೂರಿತು? ನಮ್ಮ ಪಕ್ಕೆಲುಬುಗಳು ಮುಂದೆ ಎದೆಮೂಳೆಗೆ ಸೇರಿಕೊಂಡಿವೆ. ಹಾವಿಗೆ ಎದೆಮೂಳೆಯೇ ಇಲ್ಲ. ನೂರಾರು ಪಕ್ಕೆಲುಬುಗಳ ಕೆಳತುದಿ ಬಿಡಿಬಿಡಿಯಾಗಿದೆ. ಹಾಗಾಗಿ ಮೈಯನ್ನು ಚಪ್ಪಟೆ ಮಾಡಿಕೊಳ್ಳುವುದು ಅದಕ್ಕೆ ಸುಲಭ. ತಲೆ ಹೋದರೆ ಸಾಕು, ಹೊಟ್ಟೆ ತುಂಬಿರದಿದ್ದರೆ ಮೈಯೂ ಹೋಗುತ್ತದೆ. ಕಾರ್ನ್ ಸ್ನೇಕ್ ಮರಿ ಹೆಚ್ಚುಕಡಿಮೆ ಪೆನ್ಸಿಲ್‌ನಷ್ಟೇ ದಪ್ಪ. ಅದಕ್ಕೆ ಬಾಗಿಲ ಕೆಳಗಿನ ಸಂದೂ ಹೆಬ್ಬಾಗಿಲೇ.

ಹೊರಬಂದ ಹಾವಿಗೆ ಮುಖ್ಯವಾಗಿ ಎರಡು ಬೇಕು: ಮೈಗೆ ಸರಿಹೋಗುವ ಬಿಸಿ, ಮೈಯನ್ನು ಎಲ್ಲ ಕಡೆಯಿಂದ ಒತ್ತುವ ಕತ್ತಲು ಜಾಗ. ನಾವು ಮನೆಯನ್ನು ಅಡುಗೆಮನೆ, ಮಲಗುವ ಕೋಣೆ ಅಂತ ನೋಡುತ್ತೇವೆ. ಹಾವಿಗೆ ಮನೆಯೆಂದರೆ ಬಿಸಿ, ತಣ್ಣನೆ, ಸಡಿಲ, ಬಿಗಿ. ಆ ನಕ್ಷೆ ನಮ್ಮ ತಲೆಗೂ ಬಂದರೆ ಅರ್ಧ ಹುಡುಕಾಟ ಮುಗಿದಂತೆ.

ಬಿಸಿಯಿಂದ ಶುರು ಮಾಡೋಣ. ಹಾವನ್ನು ಶೀತರಕ್ತದ ಪ್ರಾಣಿ ಅನ್ನುತ್ತಾರೆ. ನನಗೆ ಈ ಮಾತು ಹಿಡಿಸುವುದಿಲ್ಲ. ಅದರ ರಕ್ತ ಯಾವಾಗಲೂ ತಣ್ಣಗಿರುವುದಿಲ್ಲ. ನಾವು ಉಂಡ ಅನ್ನವನ್ನೇ ಉರಿಸಿ ಮೈ ಬೆಚ್ಚಗಿಟ್ಟುಕೊಳ್ಳುತ್ತೇವೆ, ಹಾವು ಆ ಬಿಸಿಯನ್ನು ಹೊರಗಿನಿಂದ ಪಡೆಯುತ್ತದೆ. ಬಾಲ್ ಪೈಥಾನ್ ಸಾಕುವವರು ಪೆಟ್ಟಿಗೆಯ ಒಂದು ತುದಿಯನ್ನು ಸುಮಾರು 31-32 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇನ್ನೊಂದನ್ನು 25ರ ಆಸುಪಾಸಿನಲ್ಲಿ ಇಡುತ್ತಾರೆ. ಹಾವು ತನಗೆ ಬೇಕಾದಂತೆ ಅತ್ತಿತ್ತ ಸರಿದು ಮೈಬಿಸಿ ಹೊಂದಿಸಿಕೊಳ್ಳುತ್ತದೆ.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ್ದು, ಹಾವು ಕೊನೆಯ ಸಲ ಯಾವಾಗ ತಿಂದಿತು ಅಂತ. ಇಲಿ ನುಂಗಿ ಒಂದೆರಡು ದಿನವಾಗಿದ್ದರೆ ಅದಕ್ಕೆ ಬಿಸಿ ಬೇಕೇ ಬೇಕು. ದೊಡ್ಡ ಬೇಟೆ ನುಂಗಿದ ಬರ್ಮೀಸ್ ಹೆಬ್ಬಾವಿನ ದೇಹದಲ್ಲಿ ಶಕ್ತಿ ಖರ್ಚಾಗುವ ವೇಗ ವಿಶ್ರಾಂತಿಯಲ್ಲಿದ್ದಾಗಿನ ಹತ್ತಾರು ಪಟ್ಟು ಏರುತ್ತದೆ. ಅಂಥ ಕೆಲಸ ತಣ್ಣನೆ ಮೈಯಲ್ಲಿ ಆಗದು. ಉಂಡ ಹಾವು ಹತ್ತಿರದ ಬೆಚ್ಚನೆ ಜಾಗದಲ್ಲೇ ಸುತ್ತಿಕೊಂಡು ಕೂತಿರುವ ಸಂಭವ ಜಾಸ್ತಿ. ಕಣ್ಣು ಮಂಜಾಗಿ ಪೊರೆ ಬಿಡುವ ಹೊತ್ತಾಗಿದ್ದರೆ ತೇವ ಹುಡುಕುತ್ತದೆ: ಸಿಂಕಿನ ಕೆಳಗಿನ ಕಪಾಟು, ಬಚ್ಚಲು, ಒದ್ದೆ ಬಟ್ಟೆಯ ಬುಟ್ಟಿ. ಹಸಿದಿದ್ದರೆ, ಅಥವಾ ಗಂಡಾಗಿದ್ದು ಕೂಡುವ ಕಾಲ ಬಂದಿದ್ದರೆ, ಅಲೆಯುವುದು ಹೆಚ್ಚು. ಆಗ ಹುಡುಕಾಟದ ವೃತ್ತ ದೊಡ್ಡದಾಗಲೇಬೇಕು.

ಈಗ ಫ್ರಿಜ್ಜಿನ ಹಿಂದೆ ಮಂಡಿಯೂರಿ ಟಾರ್ಚ್ ಹಾಕಿ. ಕೆಳಗೆ ಕಪ್ಪು ಉಂಡೆಯಂಥ ಕಂಪ್ರೆಸರ್ ಗುಂಯ್ ಅನ್ನುತ್ತಿರುತ್ತದೆ. ಎಷ್ಟೋ ಫ್ರಿಜ್ಜುಗಳಲ್ಲಿ ಅದರ ಮೇಲೇ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಒಳಗೆ ಕರಗಿದ ನೀರು ಹರಿದು ಬಂದು ಅದರಲ್ಲಿ ನಿಂತು, ಆ ಬಿಸಿಗೆ ಆವಿಯಾಗುತ್ತದೆ. ಸುತ್ತ ದೂಳು, ತಂತಿ, ಕತ್ತಲು. ನಮಗೆ ಅದು ವರ್ಷಕ್ಕೊಮ್ಮೆ ಗುಡಿಸುವ ಕೊಳಕು ಮೂಲೆ. ಹಾವಿಗೆ ಬಿಸಿ, ತೇವ, ಮರೆ ಮೂರೂ ಒಟ್ಟಿಗೆ ಸಿಗುವ ಅರಮನೆ. ಕೈ ಹಾಕುವ ಮುಂಚೆ ಪ್ಲಗ್ ಕಿತ್ತುಬಿಡಿ. ಟಿವಿಯ ಹಿಂಭಾಗ, ರೂಟರ್, ಕಂಪ್ಯೂಟರ್ ಡಬ್ಬಿ, ಇನ್ವರ್ಟರ್, ಹೀಗೆ ಹಗಲೂ ರಾತ್ರಿ ಬೆಚ್ಚಗಿರುವ ಯಾವುದನ್ನೂ ಬಿಡಬೇಡಿ. ಬಟ್ಟೆ ಒಗೆಯುವ ಯಂತ್ರದ ಒಳಗೂ ಕೆಳಗೂ ನೋಡದೆ ಗುಂಡಿ ಒತ್ತಲೇಬೇಡಿ.

ಬಿಸಿ ಕಾಣುವ ಥರ್ಮಲ್ ಕ್ಯಾಮೆರಾ ತಂದರೆ ಸುಲಭವಾಗಿ ಸಿಕ್ಕೀತು ಅಂತ ಅನ್ನಿಸಬಹುದು. ನಾಯಿ, ಬೆಕ್ಕಾದರೆ ಸಿಗುತ್ತಿತ್ತು. ಒಂದೇ ಕಡೆ ಬಹಳ ಹೊತ್ತು ಕೂತ ಹಾವಿನ ಮೈಬಿಸಿ ಅಲ್ಲಿನ ನೆಲದ ಬಿಸಿಗೇ ಹೊಂದಿಕೊಂಡುಬಿಡುತ್ತದೆ. ಕ್ಯಾಮೆರಾಕ್ಕೆ ಹಾವೂ ನೆಲವೂ ಒಂದೇ ಬಣ್ಣ. ಬೆಚ್ಚನೆ ಜಾಗದಿಂದ ಆಗತಾನೆ ತಣ್ಣನೆ ಗೋಡೆಗೆ ಬಂದಿದ್ದರೆ ಮಾತ್ರ ಕಂಡೀತು.

ಇನ್ನು ಬಿಗಿ ಜಾಗ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತು ಅನ್ನುವ ಮಾತಿದೆಯಲ್ಲ, ಆಫ್ರಿಕಾದ ಬಾಲ್ ಪೈಥಾನ್‌ಗಳ ಮಟ್ಟಿಗೆ ಅದು ಅಕ್ಷರಶಃ ನಿಜ. ಕಾಡಿನಲ್ಲಿ ಅವು ಹಗಲೆಲ್ಲ ಗೆದ್ದಲ ಹುತ್ತದಲ್ಲೋ ಇಲಿಯ ಬಿಲದಲ್ಲೋ ಇರುತ್ತವೆ. ಮೈಗೆ ನಾಲ್ಕೂ ಕಡೆ ಏನಾದರೂ ತಾಗುತ್ತಿದ್ದರೆ ಅವಕ್ಕೆ ನೆಮ್ಮದಿ. ಬಯಲಲ್ಲಿದ್ದರೆ ಹದ್ದು, ಮುಂಗುಸಿಯಂಥವುಗಳ ಭಯ. ಸಾಕಿದ ಮನೆಯಲ್ಲಿ ಹುಟ್ಟಿದ ಮರಿಗೂ ಈ ಬುದ್ಧಿ ರಕ್ತದಲ್ಲೇ ಬಂದಿರುತ್ತದೆ. ಕೋಣೆಯ ನಡುವೆ ಹಾಯದೆ ಗೋಡೆಯ ಬುಡ ಹಿಡಿದು ಸಾಗುವುದೂ ಇದಕ್ಕೇ.

ಆದ್ದರಿಂದ ಪುಸ್ತಕದ ಸಾಲಿನ ಹಿಂದೆ ಉಳಿಯುವ ಎರಡು ಬೆರಳಗಲದ ಜಾಗ, ಡ್ರಾಯರಿನ ಹಿಂಬದಿ, ಮಡಿಸಿಟ್ಟ ಕಂಬಳಿ, ಶೂ ಒಳಗೆ, ಹಾಸಿಗೆಯ ಕೆಳಗೆ, ಎಲ್ಲವೂ ಹುತ್ತವೇ. ಸೋಫಾವನ್ನು ಮೆಲ್ಲಗೆ ವಾಲಿಸಿ ಅಡಿಯ ತೆಳುಬಟ್ಟೆ ಎಲ್ಲಾದರೂ ಹರಿದಿದೆಯೇ ನೋಡಿ. ಒರಗಿದರೆ ಹಿಂದಕ್ಕೆ ವಾಲುವ ರಿಕ್ಲೈನರ್ ಕುರ್ಚಿಯ ಮೇಲೆ ಹಾವು ಸಿಗುವವರೆಗೆ ಯಾರೂ ಕೂರಬಾರದು. ಅದರ ಕಬ್ಬಿಣದ ತೋಳುಗಳ ನಡುವೆ ಸಿಕ್ಕಿದರೆ ಹಾವು ಉಳಿಯುವುದು ಕಷ್ಟ.

ಎತ್ತರವನ್ನೂ ಮರೆಯಬೇಡಿ. ಬಾಲ್ ಪೈಥಾನ್ ಹೆಚ್ಚಾಗಿ ನೆಲಮಟ್ಟದಲ್ಲೇ ಸಿಗುತ್ತದೆ. ಕಾರ್ನ್ ಸ್ನೇಕ್ ಹಾಗಲ್ಲ, ಅದು ಒಳ್ಳೆಯ ಹತ್ತುಗಾರ. ಅದರ ಹೊಟ್ಟೆಯ ಹುರುಪೆಗಳ ಅಂಚು ಕೋನದಂತೆ ಮಡಚಿಕೊಂಡಿದ್ದು, ಮರದ ತೊಗಟೆಯ ಬಿರುಕಿಗೆ ಕಚ್ಚಿಕೊಳ್ಳುತ್ತದೆ. ತೊಗಟೆಯಲ್ಲಿ ಆಗುವುದು ಪರದೆಯಲ್ಲೂ ಒರಟು ಇಟ್ಟಿಗೆ ಗೋಡೆಯಲ್ಲೂ ಆಗುತ್ತದೆ. ಪರದೆಯ ಸರಳು, ಕಪಾಟಿನ ನೆತ್ತಿ ನೋಡಲೇಬೇಕು.

ಹೆಸರು ಹಿಡಿದು ಕರೆದರೆ ಬರುತ್ತದೆಯೇ? ಬರುವುದಿಲ್ಲ. ಹಾವಿಗೆ ಹೊರಕಿವಿ ಇಲ್ಲ, ಕಿವಿತಮಟೆಯೂ ಇಲ್ಲ. ಆದರೆ ಒಳಕಿವಿ ಇದೆ. ಕಿವಿಯ ಸಣ್ಣ ಮೂಳೆ ದವಡೆಗೆ ತಗುಲಿಕೊಂಡಿರುವುದರಿಂದ ನೆಲದ ಅದುರು ತಲೆಗೆ ತಲಪುತ್ತದೆ. ನೀವು ಗಾಬರಿಯಲ್ಲಿ ಮಂಚ ಎಳೆದು, ಪೀಠೋಪಕರಣ ದಬದಬ ಸರಿಸಿದರೆ ಅದಕ್ಕೆ ಚೆನ್ನಾಗಿಯೇ ಗೊತ್ತಾಗುತ್ತದೆ. ಇನ್ನಷ್ಟು ಒಳಗೆ ಸರಿಯುತ್ತದೆ. ಹಗಲಿನ ಗಲಾಟೆಗಿಂತ ರಾತ್ರಿಯ ಮೌನವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಯಾಕೆಂದರೆ ಇವು ಓಡಾಡುವುದೂ ಹೆಚ್ಚಾಗಿ ಮುಸ್ಸಂಜೆ ಮತ್ತು ರಾತ್ರಿ. ಮಲಗುವ ಮುಂಚೆ ಪ್ರತಿ ಹೊಸ್ತಿಲಿಗೂ ತೆಳ್ಳಗೆ ಹಿಟ್ಟು ಉದುರಿಸಿ. ಗೋಡೆ ಬುಡದಲ್ಲಿ ಗರಗರ ಸದ್ದು ಮಾಡುವ ಪ್ಲಾಸ್ಟಿಕ್ ಚೀಲ ಹರಡಿ. ಬೆಳಿಗ್ಗೆ ಹಿಟ್ಟಿನ ಮೇಲೆ ಹಾವಿನ ಮೈಯಗಲದ ಒಂದು ಪಟ್ಟಿ ಕಾಣಬಹುದು. ಅಂಕುಡೊಂಕಾಗಿ ಹೋಗಿದ್ದರೆ ಪ್ರತಿ ತಿರುವಿನಲ್ಲೂ ಹಿಟ್ಟು ಒಂದು ಪಕ್ಕಕ್ಕೆ ಗುಡ್ಡೆಯಾಗಿರುತ್ತದೆ. ಹಾವು ಅಲ್ಲಿ ನೆಲವನ್ನು ಹಿಂದಕ್ಕೆ ಒತ್ತಿ ತಾನು ಮುಂದೆ ಸಾಗಿದೆ. ಗುಡ್ಡೆಯ ಎದುರು ದಿಕ್ಕೇ ಅದು ಹೋದ ದಿಕ್ಕು. ಹಿಟ್ಟು ಕದಡದೇ ಇದ್ದರೂ ಬೇಸರ ಬೇಡ. ಆ ಹೊಸ್ತಿಲನ್ನು ಹಾವು ದಾಟಿಲ್ಲ ಎಂದಾಯಿತು, ಹುಡುಕಾಟ ಅಷ್ಟು ಕಿರಿದಾಯಿತು.

ಹುಡುಕುವ ಬದಲು ಕರೆಸಿಕೊಳ್ಳಲೂ ಬಹುದು. ಗೋಡೆಗೆ ತಾಗಿಸಿ ಸಣ್ಣ ಬಾಯಿಯ ರಟ್ಟಿನ ಡಬ್ಬಿ ಇಡಿ. ಪೆಟ್ಟಿಗೆಗೆ ಬಳಸುವ ಹೀಟಿಂಗ್ ಮ್ಯಾಟನ್ನೇ ಥರ್ಮೋಸ್ಟಾಟ್ ಸಮೇತ ಅದರ ಅಡಿಗಿಡಿ. ಒಳಗೆ ಹಾವಿನದೇ ಹಳೆಯ ಹಾಸು ಹಾಕಿ. ಪಕ್ಕದಲ್ಲಿ ನೀರಿನ ಬಟ್ಟಲು. ಸೀಳು ನಾಲಿಗೆ ಗಾಳಿಯ, ನೆಲದ ವಾಸನೆಯ ಕಣಗಳನ್ನು ಹಿಡಿದು ಬಾಯಿಯ ಮೇಲ್ಭಾಗದಲ್ಲಿ ವಾಸನೆ ಗುರುತಿಸುವ ಜೇಕಬ್‌ಸನ್ ಅಂಗಕ್ಕೆ ಒಪ್ಪಿಸುತ್ತದೆ. ಎರಡು ತುದಿಗಳಲ್ಲಿ ಯಾವ ಕಡೆ ವಾಸನೆ ಜಾಸ್ತಿ ಅನ್ನುವುದರಿಂದ ದಾರಿ ತಿಳಿಯುತ್ತದೆ. ಬಾಲ್ ಪೈಥಾನ್‌ಗೆ ಇನ್ನೂ ಒಂದು ಅನುಕೂಲವಿದೆ: ತುಟಿಯಂಚಿನ ಕುಳಿಗಳು. ಬಿಸಿಯನ್ನು ಅವು ದೂರದಿಂದಲೇ ಅರಿಯುತ್ತವೆ. ಈ ಕುಳಿಗಳ ನರಗಳಲ್ಲಿ ಬಿಸಿ ಹಿಡಿಯುವುದು ಟಿಆರ್‌ಪಿಎ1 ಎಂಬ ಪ್ರೋಟೀನ್ ಎಂದು 2010ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ತೋರಿಸಿತು. ನಮ್ಮಲ್ಲಿ ಸಾಸಿವೆಯ ಘಾಟಿಗೆ ಉರಿ ಹುಟ್ಟಿಸುವುದೂ ಅದೇ ಪ್ರೋಟೀನ್. ಕಾರ್ನ್ ಸ್ನೇಕ್‌ಗೆ ಇಂಥ ಕುಳಿಗಳಿಲ್ಲ.

ಅಂಟಿನ ಬಲೆ ಮಾತ್ರ ಇಡಬೇಡಿ, ದಯವಿಟ್ಟು. ಬಿಡಿಸಿಕೊಳ್ಳಲು ಒದ್ದಾಡಿ ಹಾವು ಚರ್ಮವನ್ನೇ ಕಿತ್ತುಕೊಳ್ಳುತ್ತದೆ. ಮನೆಯಲ್ಲಿ ಇಲಿಗಾಗಿ ಇಟ್ಟಿದ್ದರೆ ಈಗಲೇ ತೆಗೆಯಿರಿ. ಆಗಲೇ ಸಿಕ್ಕಿಕೊಂಡಿದ್ದರೆ ಎಳೆಯದೆ, ಅಡುಗೆ ಎಣ್ಣೆ ಹಚ್ಚಿ ಅಂಟನ್ನು ನಿಧಾನಕ್ಕೆ ಸಡಿಲಿಸಿ.

ನಾಲ್ಕು ದಿನವಾದರೂ ಸಿಗದಿದ್ದರೆ ಕೈಚೆಲ್ಲಬೇಡಿ. ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗು ಪ್ರದೇಶದಲ್ಲಿ ನೆಲೆಯೂರಿದ ಬರ್ಮೀಸ್ ಹೆಬ್ಬಾವುಗಳು ಹಲವು ಮೀಟರ್ ಉದ್ದವಿರುತ್ತವೆ. ಆದರೂ ಒಂದು ಹಾವು ಇರುವ ಜಾಗದಲ್ಲೇ ಹುಡುಕಿದರೂ ಅದು ಕಣ್ಣಿಗೆ ಬೀಳುವ ಸಂಭವ ಶೇಕಡಾ 1ಕ್ಕಿಂತ ಕಡಿಮೆ ಎಂದು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ವಿಜ್ಞಾನಿಗಳು ಹೇಳುತ್ತಾರೆ. ಕಾಣದಂತಿರುವುದು ಹಾವಿಗೆ ಅಷ್ಟು ಒಗ್ಗಿದ ವಿದ್ಯೆ. ಆರೋಗ್ಯವಾಗಿರುವ ದೊಡ್ಡ ಬಾಲ್ ಪೈಥಾನ್ ಊಟವಿಲ್ಲದೆ ತಿಂಗಳುಗಟ್ಟಲೆ ಇರಬಲ್ಲದು. ನೀರು ಮತ್ತು ಬಿಸಿಯ ಕೊರತೆ ಅದಕ್ಕಿಂತ ಬೇಗ ಬಾಧಿಸುತ್ತದೆ. ಹಾಗಾಗಿ ನೀರಿನ ಬಟ್ಟಲನ್ನೂ ಬೆಚ್ಚನೆ ಡಬ್ಬಿಯನ್ನೂ ವಾರಗಟ್ಟಲೆ ತೆಗೆಯಬೇಡಿ.

ಒಂದು ರಾತ್ರಿ ಪುಸ್ತಕದ ಹಿಂದೆ ಟಾರ್ಚ್ ಬಿಟ್ಟಾಗ ಕಾಣುವುದು ಹಾವಿನಂತೆ ಇರುವುದಿಲ್ಲ. ಬೆಕ್ಕಿನ ಕಣ್ಣಿನ ಹಾಗೆ ಅದರ ಕಣ್ಣು ಮಿನುಗುವುದಿಲ್ಲ. ನುಣ್ಣನೆ ಹೊಳೆಯುವ ಒಂದು ತಿರುವು ಅಷ್ಟೇ ಕಾಣುತ್ತದೆ. ಸ್ವಲ್ಪ ಕಾದರೆ ಸುರುಳಿಯ ನಡುವಿನಿಂದ ನಾಲಿಗೆ ಹೊರಬಂದು, ಮೇಲೆ ಕೆಳಗೆ ಎರಡು ಸಲ ಆಡಿ, ಒಳಗೆ ಹೋಗುತ್ತದೆ. ಬಾಲ ಹಿಡಿದು ಎಳೆಯಬೇಡಿ. ಪುಸ್ತಕಗಳನ್ನು ಒಂದೊಂದಾಗಿ ತೆಗೆಯಿರಿ. ಮೈಯ ನಡುಭಾಗದ ಅಡಿಗೆ ಅಂಗೈ ಕೊಡಿ. ಮೈ ತಣ್ಣಗಿದ್ದರೆ ದೀಪದ ಕೆಳಗೆ ಹಿಡಿಯದೆ, ಪೆಟ್ಟಿಗೆಯ ಬಿಸಿಯಲ್ಲಿ ನಿಧಾನಕ್ಕೆ ಚೇತರಿಸಿಕೊಳ್ಳಲು ಬಿಡಿ. ಗಾಯ ಇದೆಯೇ ನೋಡಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಉಸಿರಲ್ಲಿ ಗುರುಗುರು ಸದ್ದಿದ್ದರೆ ಪಶುವೈದ್ಯರ ಹತ್ತಿರ ಹೋಗಿ. ನೀರು ಕೂಡಲೇ ಕೊಡಿ. ಊಟಕ್ಕೆ ಕೆಲವು ದಿನ ಕಳೆಯಲಿ.

ಆಮೇಲೆ ಆ ಮುಚ್ಚಳ. ನಾಲ್ಕೂ ಮೂಲೆಯನ್ನು ಒಳಗಿನಿಂದ ಬೆರಳಲ್ಲಿ ಒತ್ತಿ ನೋಡಿ, ಹಾವು ಮೂಗಿನಿಂದ ಒತ್ತುವ ಹಾಗೆಯೇ. ಅಲುಗಿದ ಕಡೆ ಆ ಸಂಜೆಗೆ ಮುಂಚೆಯೇ ಚಿಲಕ ಬೀಳಬೇಕು.