ಕೊಳ್ಳುವ ಕುದುರೆಯ ಹೊಟ್ಟೆಯಡಿ ಕೈಯಾಡಿಸಿ

‘ಕುದುರೆ ಕಂಡರೆ ಕಾಲುನೋವು’ ಅಂತ ಗಾದೆ. ನನ್ನ ಕಸುಬಿನಲ್ಲಿ ಕಾಲುನೋವು ಕುದುರೆಗೇ ಇರುತ್ತದೆ, ಕಂಡವರಿಗೆ ಬರುವುದು ತಲೆನೋವು.

ಹೋದ ತಿಂಗಳು ದೇವನಹಳ್ಳಿ ಕಡೆಯಿಂದ ಒಬ್ಬರು ಫೋನ್ ಮಾಡಿದರು. ಮಗಳಿಗೆ ಸವಾರಿಯ ಹುಚ್ಚು. ರೇಸ್ ಬಿಟ್ಟ 7 ವರ್ಷದ ಗೆಲ್ಡಿಂಗ್ (ಬೀಜ ತೆಗೆದ ಗಂಡು ಕುದುರೆ) ಒಂದು ಸಿಕ್ಕಿದೆ, 80,000 ರೂಪಾಯಿ ಹೇಳುತ್ತಿದ್ದಾರೆ. “ಒಂದೇ ವಿಷಯ ಡಾಕ್ಟ್ರೇ. ಎರಡು ವರ್ಷದ ಹಿಂದೆ ಎಡ ಮುಂಗಾಲಿನ ಟೆಂಡನ್ ಹೋಗಿತ್ತಂತೆ. ತಗೋಬಹುದಾ? ತಗೊಂಡ್ರೆ ಇನ್ಶೂರೆನ್ಸ್ ಆಗುತ್ತಾ?”

ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಇಂಥ ಫೋನ್ ಬಂದರೆ ನನಗೆ ಅರ್ಧ ಸಮಾಧಾನ. ‘ಇದುವರೆಗೂ ಒಂದು ದಿನ ಮಲಗಿದ್ದಿಲ್ಲ, ಒಂದು ಸೂಜಿ ಚುಚ್ಚಿಸಿಲ್ಲ’ ಎಂದು ಹೊಗಳಿಸಿಕೊಂಡು ಬರುವ ಕುದುರೆಗಳೇ ನನಗೆ ಹೆಚ್ಚು ಭಯ. ಎರಡು ವರ್ಷದ ವಯಸ್ಸಿನಿಂದ ರೇಸ್ ಓಡಿದ ಪ್ರಾಣಿಗೆ ಏನೂ ಆಗಿಲ್ಲ ಅಂದರೆ, ಏನೋ ಆಗಿದೆ, ಹೇಳುವವರಿಲ್ಲ ಅಷ್ಟೇ. ಏನಾಗಿತ್ತು, ಯಾವಾಗ ಆಗಿತ್ತು, ಆಮೇಲೆ ಎಷ್ಟು ಕೆಲಸ ಮಾಡಿದೆ ಅನ್ನುವುದು ಗೊತ್ತಿದ್ದರೆ ಅದಕ್ಕೊಂದು ಬೆಲೆ ಕಟ್ಟಬಹುದು. ಗೊತ್ತಿಲ್ಲದ್ದಕ್ಕೆ ಹೇಗೆ ಕಟ್ಟುವುದು? ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅನ್ನುತ್ತಾರೆ. ರೇಸ್ ಬಿಟ್ಟ ಕುದುರೆ ದಾನಕ್ಕೆ ಬಂದರೂ ಎಣಿಸಿ. ಬೆಲೆ ಹೆಚ್ಚಾಗಲಿ ಕಡಿಮೆಯಾಗಲಿ, ಅದರ ಹುಲ್ಲು, ಹುರುಳಿ, ಲಾಳ, ಕುದುರೆ ನೋಡಿಕೊಳ್ಳುವ ಸೈಸನ ಸಂಬಳ ಎಲ್ಲ ಒಂದೇ.

ಲಾಯಕ್ಕೆ ಹೋದಾಗ ಆ ಮನೆಯ ಹಿರಿಯರೊಬ್ಬರು ಆಗಲೇ ಕುದುರೆಯ ಹಣೆ, ಕತ್ತು, ಪಕ್ಕೆಯ ಸುಳಿಗಳನ್ನೆಲ್ಲ ನೋಡಿ ಮುಗಿಸಿದ್ದರು. ಕೆಟ್ಟ ಸುಳಿ ಯಾವುದೂ ಇಲ್ಲವಂತೆ. ನಾನು ಸುಳಿಯನ್ನು ತಮಾಷೆ ಮಾಡುವವನಲ್ಲ. ಗುರುತಿನ ಚೀಟಿಯಲ್ಲಿ ಬಣ್ಣ, ಹಣೆಯ ಬಿಳಿ ಪಟ್ಟೆಯ ಜೊತೆಗೆ ಸುಳಿಯ ಜಾಗವನ್ನೂ ಬರೆಯುತ್ತೇವೆ. ಆದರೆ ಸುಳಿ ನೋಡಿದ ಕಣ್ಣು ಅಲ್ಲಿಗೇ ನಿಂತುಬಿಡುತ್ತದೆ, ಮೊಣಕಾಲಿನ ಕೆಳಗೆ ಇಳಿಯುವುದೇ ಇಲ್ಲ.

ಮುಂಗಾಲನ್ನು ಎತ್ತಿ ಮಡಚಿ ಹಿಡಿದಾಗ ಟೆಂಡನ್ ಸಡಿಲವಾಗುತ್ತದೆ. ಆಗ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅದನ್ನು ಮೇಲಿಂದ ಕೆಳಗೆ ಉಜ್ಜಿಕೊಂಡು ಬರಬೇಕು. ಒಳ್ಳೆಯ ಟೆಂಡನ್ ಬಿಗಿಯಾಗಿ ಹೊಸೆದ ಹಗ್ಗದ ಹಾಗೆ ಏಕಸಮವಾಗಿ ಜಾರುತ್ತದೆ. ಈ ಕುದುರೆಯದು ನಡುಮಧ್ಯದಲ್ಲಿ ದಪ್ಪಗಾಗಿತ್ತು. ಆದರೆ ಬಿಸಿಯಿಲ್ಲ, ಒತ್ತಿದರೆ ಕಾಲು ಎಳೆದುಕೊಳ್ಳಲಿಲ್ಲ. ನಾಗಾಲೋಟದಲ್ಲಿ ಈ ಟೆಂಡನ್ನಿನ ಒಳತಿರುಳು 45 ಡಿಗ್ರಿ ಸೆಲ್ಸಿಯಸ್ ತನಕ ಕಾಯುತ್ತದೆ, ಎಳೆಗಳು ಹರಿಯುವುದೂ ಹೆಚ್ಚಾಗಿ ಅಲ್ಲೇ. ಗಾಯ ಮಾಯಲು 9ರಿಂದ 12 ತಿಂಗಳು ಬೇಕು. ಮಾಯ್ದ ಜಾಗದಲ್ಲಿ ಬರುವುದು ಗಾಯದ ಕಲೆಯ ಜಾತಿಯ ನಾರು, ಮೊದಲಿನಷ್ಟು ಹಿಗ್ಗುವುದಿಲ್ಲ. ಅದಕ್ಕೇ ಇಂಥ ಕುದುರೆಯನ್ನು ಮತ್ತೆ ರೇಸಿಗೆ ಬಿಟ್ಟರೆ ಅದೇ ಜಾಗದಲ್ಲಿ ಹರಿಯುವುದು ಸಾಮಾನ್ಯ. ಹದಿಮೂರರ ಹುಡುಗಿ ಭಾನುವಾರ ಮೆತ್ತನೆ ನೆಲದಲ್ಲಿ ಸವಾರಿ ಮಾಡುವುದಕ್ಕೆ ಅಷ್ಟು ಹಿಗ್ಗು ಬೇಕಾಗಿಲ್ಲ. ಅಲ್ಟ್ರಾಸೌಂಡ್ ಮಾಡಿದೆ. ಹರಿದ ಜಾಗದಲ್ಲಿ ಕಾಣುವ ಕಪ್ಪು ಗುಂಡಿ ತುಂಬಿಕೊಂಡಿತ್ತು, ಎಳೆಗಳು ಸ್ವಲ್ಪ ಸೊಟ್ಟಗಿದ್ದವು. ಗಟ್ಟಿ ನೆಲದ ಮೇಲೆ ಟ್ರಾಟ್ (ಕುಕ್ಕುಲೋಟ) ಮಾಡಿಸಿದೆ, ಕೀಲು ಮಡಚಿ ಒಂದು ನಿಮಿಷ ಹಿಡಿದು ಮತ್ತೆ ಓಡಿಸಿದೆ. ಕುಂಟುವ ಕುದುರೆಯ ಹಾಗೆ ತಲೆ ಕುಣಿಸಲಿಲ್ಲ. ಒಂದು ಟ್ಯೂಬ್ ರಕ್ತ ತೆಗೆದು ಇಟ್ಟುಕೊಂಡೆ. ನೋವಿನ ಔಷಧಿ ಕೊಟ್ಟು ಕುಂಟು ಮುಚ್ಚಿದ್ದಾರೆಂಬ ಅನುಮಾನ ನಾಳೆ ಬಂದರೆ ಲ್ಯಾಬಿಗೆ ಕಳಿಸಬಹುದು.

ಗೊರಸನ್ನೂ ಓದಬೇಕು. ಅದು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ಬೆಳೆಯುತ್ತದೆ. ಅಂದರೆ ಗೊರಸಿನ ಮುಂಭಾಗ ಹತ್ತಿರ ಹತ್ತಿರ ಒಂದು ವರ್ಷದ ದಿನಚರಿ. ಜ್ವರ ಬಂದದ್ದು, ಮೇವು ಬದಲಾದದ್ದು ಎಲ್ಲ ಬಳೆಗಳಾಗಿ ಕಾಣುತ್ತವೆ. ಬಳೆಗಳು ಒಂದಕ್ಕೊಂದು ಸಮನಾಗಿದ್ದರೆ ಚಿಂತೆಯಿಲ್ಲ. ಮುಂದೆ ಒತ್ತೊತ್ತಾಗಿ ಹಿಮ್ಮಡಿ ಕಡೆ ಅಗಲವಾಗುತ್ತಾ ಹೋದರೆ ಲ್ಯಾಮಿನೈಟಿಸ್ (ಗೊರಸಿನೊಳಗಿನ ಉರಿಯೂತ) ಆಗಿತ್ತೆಂದು ಸಂಶಯಪಟ್ಟು ಎಕ್ಸ್‌ರೇ ತೆಗೆಸಬೇಕು. ಇದರ ಗೊರಸು ಶುದ್ಧವಾಗಿತ್ತು.

ಕೊನೆಗೆ ಬಗ್ಗಿ ಹೊಟ್ಟೆಯಡಿ ಕೈ ಹಾಕಿದೆ. ಸೈಸ್ ನಕ್ಕ. ಅವನಿಗೆ ನನ್ನ ಹಳೇ ಕಥೆ ಗೊತ್ತಿಲ್ಲ.

ಹಲವು ವರ್ಷಗಳ ಹಿಂದೆ ಮೈಸೂರು ರಸ್ತೆಯ ತೋಟವೊಂದರಲ್ಲಿ ಒಂದು ಹೆಣ್ಣು ಕುದುರೆಗೆ ವಿಮೆಯ ಆರೋಗ್ಯ ಪತ್ರ ಕೊಟ್ಟಿದ್ದೆ. ಎದೆ ಕೇಳಿದೆ, ಕಣ್ಣು ನೋಡಿದೆ, ಓಡಿಸಿದೆ, ಸಹಿ ಹಾಕಿದೆ. ಹೊಟ್ಟೆಯಡಿ ನೋಡಲಿಲ್ಲ. ಮಾಲೀಕರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಳನೇ ತಿಂಗಳಿಗೆ ಹೊಟ್ಟೆಶೂಲೆ ಬಂದು ಸತ್ತಿತು. ಮರಣೋತ್ತರ ಪರೀಕ್ಷೆಯಲ್ಲಿ ಹೊಟ್ಟೆಯ ನಡುಗೆರೆಯಲ್ಲಿ ಹಳೇ ಹೊಲಿಗೆಯ ಗುರುತು ಸಿಕ್ಕಿತು. ಒಳಗೆ ಕರುಳಿಗೆ ಕರುಳು ಅಂಟಿಕೊಂಡಿತ್ತು. ಅಂದರೆ ಹಿಂದೆ ಶೂಲೆಗೆ ಆಪರೇಷನ್ ಆಗಿತ್ತು. ಫಾರ್ಮಿನಲ್ಲಿ ‘ಹಿಂದಿನ ಕಾಯಿಲೆ, ಶಸ್ತ್ರಚಿಕಿತ್ಸೆ’ ಎಂಬ ಸಾಲಿನ ಮುಂದೆ ‘ಇಲ್ಲ’ ಎಂದು ಬರೆದಿತ್ತು. ವಿಮೆಯವರು ಒಂದು ರೂಪಾಯಿ ಕೊಡಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೂದಲು ಬೆಳೆದು ಮುಚ್ಚಿದ ಆ ಗೆರೆ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತಿತ್ತು.

ಇಲ್ಲಿ ಕಾನೂನಿನ ಒಂದು ವಿಚಿತ್ರ ಹೇಳಬೇಕು. ನಮ್ಮ ದೇಶದ 1872ರ ಕರಾರು ಕಾಯ್ದೆಯ 17ನೇ ಕಲಂ ವಂಚನೆ ಅಂದರೇನು ಎಂದು ವಿವರಿಸುತ್ತದೆ, ಅದಕ್ಕೆ ಉದಾಹರಣೆಯಾಗಿ ಕೊಡುವುದೂ ಕುದುರೆಯನ್ನೇ. ಹರಾಜಿನಲ್ಲಿ ಒಬ್ಬ ತನ್ನ ಕುದುರೆಯಲ್ಲಿ ದೋಷವಿದೆ ಎಂದು ಗೊತ್ತಿದ್ದೂ ಬಾಯಿಬಿಡದೆ ಮಾರಿದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ವಯಸ್ಸಿಗೆ ಬಂದ ಮಾರುವವನ ಸ್ವಂತ ಮಗಳಾಗಿದ್ದರೆ ಅವನು ಹೇಳಬೇಕು. ಮೂರನೆಯ ಉದಾಹರಣೆಯೇ ನಮಗೆ ಬೇಕಾದದ್ದು. ‘ನೀವು ಇಲ್ಲ ಅನ್ನದಿದ್ದರೆ ಕುದುರೆ ನಿರ್ದೋಷಿ ಅಂತ ತಿಳಿದುಕೊಳ್ಳುತ್ತೇನೆ’ ಎಂದು ಕೊಳ್ಳುವವನು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತಾಗುತ್ತದೆ. ಇದರ ಜೊತೆ 19ನೇ ಕಲಮಿನ ಅಪವಾದವನ್ನೂ ಓದಿ. ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದ ಸಂಗತಿಯಾದರೆ, ಮೌನದಿಂದ ಮೋಸವಾಯಿತೆಂದು ಕರಾರು ಮುರಿಯಲು ಬರುವುದಿಲ್ಲ. ವೈದ್ಯರಿಗೆ ತೋರಿಸದೆ ಕೊಂಡವರ ಪಾಡು ಇದು.

ಮಾರುವವನಿಗೆ ಇಷ್ಟು ಸಡಿಲ ಬಿಟ್ಟ ಕಾನೂನು ವಿಮೆ ಮಾಡಿಸುವ ನಿಮಗೆ ಅದನ್ನು ಬಿಡುವುದಿಲ್ಲ. ವಿಮೆ ನಡೆಯುವುದೇ ಪೂರ್ಣ ನಂಬಿಕೆಯ ಮೇಲೆ. ಗೊತ್ತಿರುವ, ಮುಖ್ಯವಾದ ಸಂಗತಿಯನ್ನು ನೀವಾಗಿಯೇ ಹೇಳಬೇಕು. ಲಾಯದಲ್ಲಿ ಸುಮ್ಮನಿದ್ದವನು ಗೆದ್ದ, ವಿಮೆ ಕಚೇರಿಯಲ್ಲಿ ಸುಮ್ಮನಿದ್ದವನು ಸೋತ. “ಟೆಂಡನ್ ಗಿಂಡನ್ ಅಂತೆಲ್ಲ ಬರೀಬೇಡಿ ಸಾರ್, ಸುಮ್ನೆ ಪ್ರಶ್ನೆ ಬರುತ್ತೆ” ಅಂತ ಏಜೆಂಟ್ ಹೇಳಿದ್ದರು. ಪ್ರಶ್ನೆ ಈಗ ಬಂದರೆ ಉತ್ತರ ಕೊಡಬಹುದು. ಕುದುರೆ ಸತ್ತ ಮೇಲೆ ಬಂದರೆ ಆ ಏಜೆಂಟ್ ಫೋನ್ ಎತ್ತುವುದಿಲ್ಲ.

ಹಳೇ ಕಾಯಿಲೆ ಬರೆದರೆ ಏನಾಗುತ್ತದೆ? ಬಹುಮಟ್ಟಿಗೆ ಆ ಒಂದನ್ನು ಹೊರಗಿಟ್ಟು ಪಾಲಿಸಿ ಕೊಡುತ್ತಾರೆ. ಆ ಹೊರಗಿಟ್ಟದ್ದರ ತೂಕವನ್ನು ನಮ್ಮವರು ಸರಿಯಾಗಿ ಅಳೆಯುವುದಿಲ್ಲ. ನಮ್ಮಲ್ಲಿ ಪ್ರಾಣಿ ವಿಮೆ ಅಂದರೆ ಮುಖ್ಯವಾಗಿ ಸಾವಿಗೆ ವಿಮೆ. ಹೆಚ್ಚು ಪ್ರೀಮಿಯಂ ಕಟ್ಟಿದರೆ ಶಾಶ್ವತ ಅಂಗವೈಕಲ್ಯಕ್ಕೂ ಸೇರಿಸಿಕೊಳ್ಳಬಹುದು. ಟೆಂಡನ್ ಕುದುರೆಯನ್ನು ಕುಂಟಿಸುತ್ತದೆ, ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಹಾಗಾಗಿ ಸಾವಿನ ಪಾಲಿಸಿಯಲ್ಲಿ ಎಡಗಾಲಿನ ಟೆಂಡನ್ ಹೊರಗಿಟ್ಟರೆ ನೀವು ಕಳೆದುಕೊಳ್ಳುವುದು ಅಲ್ಪ. ಅದೇ ಶೂಲೆ ಹಾಗಲ್ಲ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಕರುಳು ತಿರುಚಿಕೊಂಡರೆ ಗಂಟೆಗಳ ಲೆಕ್ಕ. ಶೂಲೆಯನ್ನೇ ಹೊರಗಿಟ್ಟ ಪಾಲಿಸಿ ಛಾವಣಿ ತೆಗೆದ ಮನೆ. ಅಂಥದ್ದಕ್ಕೆ ಪ್ರೀಮಿಯಂ ಕಟ್ಟುವ ಬದಲು ಆ ದುಡ್ಡನ್ನು ಬ್ಯಾಂಕಿನಲ್ಲಿ ಬೇರೆ ಇಡಿ ಅನ್ನುತ್ತೇನೆ. ಅಂಗವೈಕಲ್ಯದ ಸೇರ್ಪಡೆಗೆ ದುಡ್ಡು ಕಟ್ಟಿ, ಅದರಲ್ಲಿ ಟೆಂಡನ್ ಇಲ್ಲ ಅಂದರೆ, ಅದೂ ಇಂಥದ್ದೇ ನಷ್ಟ.

ಇನ್ನು ಕೆಲವು ಸಣ್ಣ ಮಾತು. ಪಾಲಿಸಿ ಶುರುವಾದ ಮೊದಲ 15 ದಿನ ಬರುವ ಕಾಯಿಲೆಗೆ ಸಾಮಾನ್ಯವಾಗಿ ಪರಿಹಾರವಿಲ್ಲ. 80,000ಕ್ಕೆ ಕೊಂಡ ಕುದುರೆಗೆ ಮೂರು ಲಕ್ಷದ ವಿಮೆ ಮಾಡಿಸಿದರೆ ಮೂರು ಲಕ್ಷ ಬರುವುದಿಲ್ಲ, ನೋಡುವುದು ಮಾರುಕಟ್ಟೆ ಬೆಲೆಯನ್ನು. ಕಾಲು ಮುರಿದು ದಯಾಮರಣ ಕೊಡಬೇಕಾಗಿ ಬಂದರೆ ಮೊದಲು ವಿಮೆಯವರಿಗೆ ತಿಳಿಸಿ, ಅಷ್ಟು ಸಮಯವಿಲ್ಲದಿದ್ದರೆ ಬೇರೆ ದಾರಿಯಿರಲಿಲ್ಲ ಎಂದು ವೈದ್ಯರಿಂದ ಬರಹದಲ್ಲಿ ಪಡೆಯಿರಿ. ಹೂಳುವ ಅವಸರ ಮಾಡಬೇಡಿ. ರೇಸ್ ಕುದುರೆಗೆ ಗುರುತಿನ ಮೈಕ್ರೋಚಿಪ್ ಇರುತ್ತದೆ, ಅದರ ಸಂಖ್ಯೆ ಕುದುರೆಯ ಪಾಸ್‌ಪೋರ್ಟಿನಲ್ಲಿರುವುದೇನಾ ಎಂದು ಸ್ಕ್ಯಾನರ್ ಹಿಡಿದು ಕೊಳ್ಳುವ ದಿನವೇ ನೋಡಿ.

ಈ ಗೆಲ್ಡಿಂಗಿನ ಹೊಟ್ಟೆಯಡಿ ಗೆರೆಯಿರಲಿಲ್ಲ. ಅಲ್ಲೇ ಲಾಯದ ಮುಂದೆ ನಿಂತು ಮಾರುವವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಬರೆಸಿದೆ: “ಎಡ ಮುಂಗಾಲಿನ ಟೆಂಡನ್ ಬಿಟ್ಟರೆ ಈ ಕುದುರೆಗೆ ಬೇರೆ ಯಾವ ಕಾಯಿಲೆಯೂ ಇರಲಿಲ್ಲ ಅಂತ ನಂಬಿ ಕೊಳ್ಳುತ್ತಿದ್ದೇನೆ. ಇದ್ದರೆ ತಿಳಿಸಿ.” ನೀಲಿ ಗೆರೆ ಎರಡೂ ತಕ್ಷಣ ಬಂದವು. ಉತ್ತರ ಬಂದದ್ದು ಸಂಜೆ: “ಹೋದ ಬೇಸಿಗೆಯಲ್ಲಿ ಒಂದ್ಸಲ ಹೊಟ್ಟೆನೋವು ಬಂದಿತ್ತು ಸಾರ್. ಡ್ರಿಪ್ ಹಾಕ್ಸಿದ್ವಿ, ಬೆಳಗ್ಗೆ ಹೊತ್ತಿಗೆ ಸರಿಹೋಯ್ತು.” ಚಿಕಿತ್ಸೆ ಕೊಟ್ಟವರ ಚೀಟಿ ತರಿಸಿಕೊಂಡೆವು. ಒಂದು ರಾತ್ರಿಯ ಮಾತು, ಆಪರೇಷನ್ ಇಲ್ಲ. ಬೆಲೆಯಲ್ಲಿ 15,000 ಇಳಿಯಿತು. ಫಾರ್ಮಿನ ಆ ಸಾಲಿನ ಮುಂದೆ ಜಾಗ ಸಾಲದೆ, ಎರಡನೆಯದನ್ನು ಹಾಳೆಯ ಹಿಂದೆ ಬರೆದು ಸಹಿ ಹಾಕಿದೆವು.